ಅರಿವಳಿಕೆಗೆ ಮುಂಚಿನ ಪ್ರಸಾದ

ನಮ್ಮ ಚಿಗವ್ವನ ಎಚ್ಚರ ತಪ್ಪಿಸಬಲ್ಲ ಡಾಕ್ಟರು ಇನ್ನೂ ಹುಟ್ಟಿಲ್ಲ ಎಂದೇ ನಾನು ನಂಬಿದ್ದೆ! ಚೆಂಬೂರಿನ ನಮ್ಮ ಬಿಲ್ಡಿಂಗಿನಲ್ಲಿ ವಾಚ್‌ಮನ್ನಿನಿಂದ ಹಿಡಿದು ಸೆಕ್ರೆಟರಿಯವರೆಗೆ ಎಲ್ಲರೂ ಅವಳಿಗೆ ಹೆದರುತ್ತಾರೆ. ಲೋಕಲ್ ಟ್ರೇನಿನಲ್ಲಿ ಅವಳು ಸುಮ್ಮನೆ ದಿಟ್ಟಿಸಿದರೆ ಸಾಕು, ಕಿಟಕಿ ಪಕ್ಕದವರು ಒಂದು ಸ್ಟೇಷನ್ ಮೊದಲೇ ಇಳಿದುಬಿಡುತ್ತಾರೆ.

ಚಹಾ ಕೂಡ ಚಟವೆಂದು ಬೈಯುವ ಈ ವಿಜಯಪುರದ ಹೆಣ್ಣುಮಗಳು ಕಾಶಿಯಾತ್ರೆಯಿಂದ ಬಂದಮೇಲೆ ದಿನಾ ಸಂಜೆ ಒಂದು ಭಂಗಿ ಗುಳಿಗೆ ನುಂಗತೊಡಗಿದಳು. ಮೊಣಕಾಲು ನೋವಿಗಂತೆ.

"ಚಿಗವ್ವ, ಇದು ನಶಾ ಅಲ್ಲೇನು?"

"ಶಿವನ ಪ್ರಸಾದಕ್ಕ ನಶಾ ಅಂತೀಯಲ್ಲ, ನಾಲಿಗಿ ಬಿದ್ದೀತು."

ಪ್ರಸಾದ ಒಳಗೆ ಹೋದಮೇಲೆ ಮಾತ್ರ ಮರಾಠಿ ಸೀರಿಯಲ್ಲಿನಲ್ಲಿ ಯಾರಾದರೂ ಸತ್ತರೂ ಬಿದ್ದು ಬಿದ್ದು ನಗುತ್ತಿದ್ದಳು.

ಪಿತ್ತಕೋಶದ ಕಲ್ಲಿಗೆ ಆಪರೇಶನ್ ಆಗಬೇಕಾಯಿತು. ಖಾಲಿ ಹೊಟ್ಟೆಯಲ್ಲಿ ಬರಬೇಕೆಂದಾಗ ಅವಳು ಸೋಮವಾರವನ್ನೇ ಆರಿಸಿಕೊಂಡಳು. ಹೇಗೂ ಅಂದು ಅವಳ ಉಪವಾಸ, ಬೇರೆ ದಿನದ ಊಟವನ್ನೇಕೆ ಕಳೆದುಕೊಳ್ಳಬೇಕು? ಬೆಳಿಗ್ಗೆ ಅರಿವಳಿಕೆಯ ಡಾಕ್ಟರಮ್ಮ ಬಂದು, ಏನಾದರೂ ತಿಂದಿರಾ ಎಂದು ವಿಚಾರಿಸಿದರು.

"ಮಾಜೀ, ಕುಛ್ ಖಾಯಾ?"

"ಕುಛ್ ನಹೀ. ಸಿರ್ಫ್ ಪ್ರಸಾದ."

ಯಾವ ಪ್ರಸಾದ ಎಂದಾಗ ಚಿಗವ್ವ ಹೆಮ್ಮೆಯಿಂದ ಸಂಚಿ ಬಿಚ್ಚಿದಳು. ಸಂಜೆಯ ಗುಳಿಗೆ ಅಂದು ಬೆಳಿಗ್ಗೆಯೇ ಹೊಟ್ಟೆ ಸೇರಿತ್ತು. ಡಾಕ್ಟರಮ್ಮ ಮೂಸಿ ನೋಡಿ ನನ್ನತ್ತ ತಿರುಗಿದರು. ಇದರ ಅಮಲಿನಲ್ಲಿ ಎದೆಬಡಿತ ಓಡುತ್ತದೆ, ರಕ್ತದೊತ್ತಡ ಏರುಪೇರಾಗುತ್ತದೆ. ದಿನಾ ತಿನ್ನುವವರಿಗೆ ಅರಿವಳಿಕೆ ಮದ್ದು ಎಷ್ಟು ಬೇಕೆಂಬ ಅಂದಾಜೇ ತಪ್ಪುತ್ತದೆ. ಗೊತ್ತಾಗದೇ ಮಲಗಿಸಿದ್ದರೆ ಜೀವಕ್ಕೇ ಸಂಚಕಾರ ಬರಬಹುದಿತ್ತು ಎಂದರು. ಆಪರೇಶನ್ ಮುಂದಕ್ಕೆ ಹೋಯಿತು.

"ಪ್ರಸಾದದಿಂದ ಉಪವಾಸ ಕೆಡತದೇನು? ಇವರು ಕಲಿತವರಂತ," ಎಂದು ಅವಳು ರಿಕ್ಷಾದಲ್ಲಿ ಮನೆಯವರೆಗೂ ಗೊಣಗಿದಳು.

ಡಾಕ್ಟರಮ್ಮ ಹೇಳಿದಷ್ಟು ದಿನ ಗುಳಿಗೆ ಬಿಟ್ಟು ಮತ್ತೆ ಹೋದೆವು. ಈ ಸಲ ಕೇಳುವ ಮೊದಲೇ ಎಲ್ಲ ಒಪ್ಪಿಸಿದಳು: ಭಂಗಿ ಎಂದಿನಿಂದ, ದಿನಕ್ಕೆಷ್ಟು, ಮದುವೆಯಾದ ಹೊಸತರಲ್ಲಿ ಗಂಡನ ಬೀಡಿಯಿಂದ ಕದ್ದು ಎಳೆದ ಒಂದು ದಮ್ಮು ಸಹಿತ. ಡಾಕ್ಟರಮ್ಮ ಅದನ್ನೂ ಬರೆದುಕೊಂಡರು.

ಸ್ಟ್ರೆಚರ್ ಆಪರೇಶನ್ ಥಿಯೇಟರಿನ ಬಾಗಿಲಿಗೆ ಬಂದಾಗ ಸಂಚಿಯನ್ನು ನನ್ನ ಕೈಗಿಟ್ಟಳು.

"ಅವತ್ತ ಮುಂಜಾನೆ ನುಂಗಿದ್ದು ಪ್ರಸಾದ ಅಂತಲ್ಲೋ ತಮ್ಮಾ. ಅಂಜಿಕಿ ಬಂದಿತ್ತು. ನಿಮ್ಮ ಕಾಕಾ ಇಂಥಾದ ಬಾಗಲದಾಗ ಹೋದಾಂವ ತಿರುಗಿ ಬರಲಿಲ್ಲ."

"ಇವತ್ತ?"

"ಇವತ್ತ ಬರೇ ಅಂಜಿಕಿ ಅದ."

ಇಡೀ ಬಿಲ್ಡಿಂಗನ್ನು ನಡುಗಿಸುವವಳ ಬಾಯಲ್ಲಿ ಈ ಮಾತು! ನನಗೆ ಅಳು ಬಂತು. ಬಾಗಿಲು ಮುಚ್ಚಿಕೊಂಡಿತು.

ಮಧ್ಯಾಹ್ನ ಕಣ್ಣು ಬಿಟ್ಟವಳು ಕೈ ಚಾಚಿದಳು. ಸಂಚಿಯನ್ನೇ ಕೇಳುತ್ತಿದ್ದಾಳೆಂದು ತೆಗೆದು ತೋರಿಸಿದೆ. ಅದನ್ನು ಪಕ್ಕಕ್ಕೆ ಸರಿಸಿ, ನನ್ನ ಬೆರಳು ಹಿಡಿದುಕೊಂಡು ಮತ್ತೆ ನಿದ್ದೆಹೋದಳು.