ತುಟಿಯ ಎಡತುದಿ

ಎಲ್ಲ ಕೆಟ್ಟದ್ದು ಒಂದು ತುಟಿಯಿಂದ. ಅದೂ ಇಡೀ ತುಟಿಯಲ್ಲ, ಅದರ ಎಡತುದಿ. ಸಾಸಿವೆ ಕಾಳಿನಷ್ಟು ಜಾಗ.

ನಿನ್ನೆಯೇ ಚಿತ್ರ ಮುಗಿಯಿತೆಂದು ತಿದ್ದಪ್ಪ ಕೈ ತೊಳೆದುಕೊಂಡಿದ್ದ. ಬೆಳಿಗ್ಗೆ ನೋಡಿದರೆ ಆ ತುದಿ ಕೊಂಚ ಇಳಿದ ಹಾಗೆ ಕಂಡಿತು. ಮುದ್ರಣಾಲಯದಲ್ಲಿ ಕರಡು ತಿದ್ದುವುದು ಅವನ ಕೆಲಸ. ಬೇರೆಯವರ ತಪ್ಪು ಹುಡುಕಿ ಹುಡುಕಿ ಕಣ್ಣು ಎಷ್ಟು ಕೆಟ್ಟಿತ್ತೆಂದರೆ, ಮದುವೆಯ ಕರೆಯೋಲೆ ಕೊಟ್ಟರೂ ತಿದ್ದಿ ವಾಪಸು ಕೊಡುತ್ತಿದ್ದ. ಅದಕ್ಕೇ ಕಟ್ಟಡದವರು ಅವನ ಹೆಸರು ಮರೆತು ತಿದ್ದಪ್ಪ ಅನ್ನುತ್ತಿದ್ದರು.

ಅಂಗೈಯಗಲದ ಮುಖಗಳನ್ನು ಬರೆಯುವುದು ಅವನ ಹುಚ್ಚು. ಎಣ್ಣೆಬಣ್ಣಕ್ಕೆ ಜೇನುಮೇಣದ ತಣ್ಣನೆಯ ಮುದ್ದೆ ಕಲಸಿ, ಬೆಣ್ಣೆಯಂತೆ ಹಲಗೆಗೆ ಸವರಿ, ಅವಧಿ ಮುಗಿದ ಬಸ್ ಪಾಸಿನ ಅಂಚಿನಿಂದ ಕೆರೆಯುತ್ತ ಹೋದರೆ ಒಳಗಿನಿಂದ ಯಾರೋ ಇಣುಕುತ್ತಾರೆ. ಒಂದೇ ತೊಂದರೆ, ಅದು ವಾರಗಟ್ಟಲೆ ಹಸಿಯಾಗಿಯೇ ಇರುತ್ತದೆ. ಯಾರ ಬೆರಳು ತಾಗಿದರೂ ಅವರ ಮಾತು ಕೇಳುತ್ತದೆ.

ಈ ಸಲದ ಮುಖ ಮನೆಯ ಯಜಮಾನಿಯದು. ಕೆಳಗಿನ ಮನೆಯಲ್ಲಿರುವ ಅವರಿಗೆ ಮೇಲಿನಿಂದ ಬರುವ ಟರ್ಪೆಂಟೈನ್ ವಾಸನೆ ಆಗದು. ಹೋದ ವಾರ ಹತ್ತಿ ಬಂದು, “ಕೋಣೆ ಖಾಲಿ ಮಾಡಿ” ಅಂದಿದ್ದರು.

ತಿದ್ದಪ್ಪ ಕೈ ಹಿಸುಕಿಕೊಂಡಿದ್ದ. “ಅಮ್ಮಾ, ನೇರ ಬಿಸಿಲು ಬೀಳದ ಕೋಣೆ ಈ ಕಟ್ಟಡದಲ್ಲಿ ಇದೊಂದೇ. ಬಿಸಿಲು ತಾಗಿದ್ರೆ ಮೇಣ ಜಾರಿ ಮುಖ ಸೊಟ್ಟ ಆಗುತ್ತೆ. ಈ ಚಿತ್ರಗಳು ಬದುಕಬೇಕಂದ್ರೆ ಈ ಗೋಡೇನೇ ಬೇಕು.”

ಅವರು ಗೋಡೆಯನ್ನೂ ಅವನನ್ನೂ ನೋಡಿದ್ದರು. “ನಂದೊಂದು ಬರೀರಿ. ನನಗೆ ಒಪ್ಪಿಗೆಯಾದ್ರೆ ವಾಸನೆ ಸಹಿಸ್ಕೋತೀನಿ. ಭಾನುವಾರ ಸಂಜೆ ಬರ್ತೀನಿ.”

ಇವತ್ತು ಭಾನುವಾರ. ತುಟಿ ಇಳಿದಿದೆ. ಮೇಣದ ಡಬ್ಬಿಗಾಗಿ ಕೈ ಚಾಚಿದರೆ ಡಬ್ಬಿಯೂ ಇಲ್ಲ.

ಖಾಲಿಯಾದ ಕ್ರೀಮಿನ ಡಬ್ಬಿಯೊಂದರಲ್ಲಿ ಅವನು ಮೇಣ ತುಂಬಿಡುತ್ತಿದ್ದ. ಹೊರಗಿನ ಕಿಟಕಿಕಟ್ಟೆಯ ಮೇಲೆ ಮರೆತಿದ್ದ. ಬಾಗಿಲು ತೆರೆದರೆ, ಪಕ್ಕದ ಮನೆಯ ಅಕ್ಕ ಡಬ್ಬಿ ಹಿಡಿದು, ಗೋಡೆಗೆ ಕೈಕೊಟ್ಟು, ಸೋಪಿನ ನೊರೆಯ ಮೇಲೆ ಬೆಕ್ಕು ನಡೆದ ಹಾಗೆ ಬರುತ್ತಿದ್ದಳು.

“ಇದೆಂಥ ಕ್ರೀಮಪ್ಪಾ? ಹಿಮ್ಮಡಿಗೆ ಹಚ್ಕೊಂಡೆ, ನಿಲ್ಲೋಕೇ ಬಿಡ್ತಿಲ್ಲ.”

“ಅಕ್ಕಾ, ಅದು ಬಣ್ಣದ ಮೇಣ.”

“ಆದ್ರೂ ಬಿರುಕು ಮುಚ್ಚಿದೆ ನೋಡು.” ಹಿಮ್ಮಡಿ ತೋರಿಸಲು ಒಳಗೇ ಬಂದವಳ ಕಣ್ಣು ಚಿತ್ರಕ್ಕೆ ಬಿತ್ತು. “ಯಜಮಾನಿ ಅಲ್ವಾ ಇದು? ಇಷ್ಟೊಂದು ಸುಕ್ಕು ಯಾಕೆ ಹಾಕಿದೀಯ? ನಿನಗೆ ಕೋಣೆ ಬೇಕೋ ಬೇಡ್ವೋ?”

“ಸುಕ್ಕಿನಲ್ಲೇ ಅಕ್ಕಾ ಅವರ ಕಳೆ ಇರೋದು.”

“ಕಳೆ ಇದ್ರೆ ಕೀಳಬೇಕು.” ಟೇಬಲ್ಲಿನ ಮೇಲಿದ್ದ ಚಮಚ ಎತ್ತಿ ಅದರ ಬೆನ್ನಿನಿಂದ ಹಣೆಯನ್ನು ಒಮ್ಮೆ ಸವರಿಯೇಬಿಟ್ಟಳು. ಯಜಮಾನಿಯ ಹಣೆ ಇಸ್ತ್ರಿ ಮಾಡಿದ ದಿಂಬಿನ ಚೀಲದಂತಾಯಿತು.

ತಿದ್ದಪ್ಪ ಕಿರುಚಲಿಲ್ಲ. ಅವನಿಗೆ ಕಿರುಚಿ ಅಭ್ಯಾಸವಿರಲಿಲ್ಲ. ಅಷ್ಟರಲ್ಲಿ ಅಕ್ಕ ಕಿಟಕಿಯಿಂದ ಕೆಳಗಿನ ಟೈಲರನ್ನು ಕೂಗಿದ್ದಳು. ಟೈಲರು ಬರುವಾಗ ಪಕ್ಕದ ಸೆಲೂನಿನವನೂ ಸುಮ್ಮನೆ ಬಂದ.

ಟೈಲರು ತಲೆ ಓರೆ ಮಾಡಿ ನೋಡಿದ. “ಗದ್ದ ಲೂಸಾಗಿದೆ ತಿದ್ದಪ್ಪನವರೇ. ಎರಡೂ ಕಡೆ ಸ್ವಲ್ಪ ಹಿಡೀಬೇಕು.”

“ಮುಟ್ಟಬೇಡಿ, ಹಸಿ ಇದೆ.”

“ಹಸಿ ಇದ್ದಾಗ್ಲೇ ಅಲ್ವಾ ಹಿಡಿಯೋದು?” ಹಿಡಿದ. ಗದ್ದದ ಕೆಳಗಿನ ಇನ್ನೊಂದು ಗದ್ದ ಅವನ ಹೆಬ್ಬೆರಳಿಗೆ ಅಂಟಿಕೊಂಡು ಹೋಯಿತು.

ಸೆಲೂನಿನವನು ಕಿರುಬೆರಳ ಉಗುರಿನಿಂದ ಕಿವಿಯ ಹತ್ತಿರದ ಬಿಳಿಕೂದಲನ್ನು ಹಿಂದಕ್ಕೆ ತಳ್ಳಿ, ಅಭ್ಯಾಸಬಲದಿಂದ ಚಿತ್ರಕ್ಕೆ ಕನ್ನಡಿ ಹಿಡಿಯಲು ಹೊರಟು, ತಡೆದುಕೊಂಡ.

ಮೂವರನ್ನೂ ಹೊರಹಾಕಿ ಚಿಲಕ ಹಾಕುವ ಹೊತ್ತಿಗೆ ಮಧ್ಯಾಹ್ನ ಕಳೆದಿತ್ತು. ತಿದ್ದಪ್ಪ ಊಟ ಮರೆತು ಸುಕ್ಕುಗಳನ್ನು ವಾಪಸು ತರಲು ಕೂತ. ಒಂದು ಗೆರೆ ಎಳೆದರೆ ಬೆಕ್ಕಿನ ಮೀಸೆಯಾಯಿತು. ಅಳಿಸಿದರೆ ಕೆನ್ನೆ ಇನ್ನಷ್ಟು ನುಣುಪಾಯಿತು. ಕೂತ, ಎದ್ದ, ಕಿಟಕಿಯವರೆಗೆ ಹೋಗಿ ಬಂದ, ಮತ್ತೆ ಕೂತ. ಕೆರೆದಷ್ಟೂ ಯಜಮಾನಿಗೆ ವಯಸ್ಸು ಇಳಿಯಿತು, ಅವನಿಗೆ ಏರಿತು. ತುಟಿಯ ಎಡತುದಿಗೆ ಕೈ ಹಾಕಬೇಕು ಅನ್ನುವಷ್ಟರಲ್ಲಿ ಮೆಟ್ಟಿಲ ಮೇಲೆ ಹೆಜ್ಜೆ ಕೇಳಿಸಿತು.

ಯಜಮಾನಿ ಬಂದರು. ಬಾಗಿಲ ಹೊರಗೆ ಅಕ್ಕ, ಟೈಲರು, ಸೆಲೂನಿನವನು, ಪರೀಕ್ಷೆಯ ಫಲಿತಾಂಶಕ್ಕೆ ಕಾದವರಂತೆ ನಿಂತರು. ಯಜಮಾನಿ ಮೂಗಿಗೆ ಸೆರಗು ಹಿಡಿದು ಬಗ್ಗಿ ನೋಡಿದರು. ಬಹಳ ಹೊತ್ತು ನೋಡಿದರು. ಸೆರಗು ತಾನಾಗಿ ಜಾರಿತು.

“ಬೈಯೋಕೆ ಬಾಯಿ ತೆಗೆದು, ನಗು ಬಂದು ನಿಲ್ಲಿಸಿದ ಹಾಗಿದೆ,” ಅಂದರು ಮೆಲ್ಲಗೆ. “ನಮ್ಮವರು ಇದ್ದಾಗ ನಾನು ಹೀಗೇ ಇದ್ದೆ. ನಿಮಗೆ ಹೇಗೆ ಗೊತ್ತಾಯ್ತು?”

ತಿದ್ದಪ್ಪನಿಗೆ ಗೊತ್ತಿರಲಿಲ್ಲ. ಹೊರಗಿನ ಮೂವರೂ ತಮಗೆ ಗೊತ್ತಿತ್ತು ಎಂಬಂತೆ ತಲೆಯಾಡಿಸಿದರು.

“ಇದು ಇದೇ ಗೋಡೆ ಮೇಲಿರ್ಲಿ, ನೀವೂ ಇರಿ. ನಾನು ದಿನಾ ಬಂದು ನೋಡ್ಕೊಂಡು ಹೋಗ್ತೀನಿ.”

ತಿದ್ದಪ್ಪನ ಎದೆಯ ಮೇಲಿನ ಬಂಡೆ ಉರುಳಿತು. ಸಮಾಧಾನದಿಂದ ಚಿತ್ರದ ಕಡೆ ತಿರುಗಿದ. ಸಂಜೆಯ ಬೆಳಕಿನಲ್ಲಿ ಆ ಎಡತುದಿ ಇನ್ನೂ ಒಂದು ಕೂದಲೆಳೆ ಇಳಿದೇ ಇತ್ತು. ಒಂದೇ ಒಂದು ಸಲ ಮೇಲಕ್ಕೆ ತಳ್ಳಿದರೆ ಆಯಿತು. ಅವನು ತಡೆದುಕೊಂಡ. ಹೆಬ್ಬೆರಳು ತಡೆದುಕೊಳ್ಳಲಿಲ್ಲ.

ಯಜಮಾನಿ ಅವನ ಮಣಿಕಟ್ಟನ್ನು ಗಾಳಿಯಲ್ಲೇ ಹಿಡಿದರು.

“ಏನು ಮಾಡ್ತಿದೀರಾ?”

“ಸ್ವಲ್ಪ... ತುಟಿ...”

“ಇದು ಒಣಗೋಕೆ ಎಷ್ಟು ದಿನ?”

“ತಿಂಗಳಾದ್ರೂ ಬೇಕಮ್ಮಾ.”

“ಅಷ್ಟು ದಿನ ಇದರ ಜೊತೆ ನಿಮ್ಮನ್ನ ಒಂದೇ ಕೋಣೇಲಿ ಬಿಡೋದಾ? ನಾಳೆ ಬೆಳಿಗ್ಗೆಗೆ ನನ್ನ ಮೂಗು ಇರುತ್ತಾ? ಇಬ್ಬರಲ್ಲಿ ಒಬ್ಬರು ಹೊರಗೆ ಹೋಗ್ಬೇಕು. ಚಿತ್ರಕ್ಕೆ ಈ ಗೋಡೇನೇ ಬೇಕು ಅಂತ ನೀವೇ ಹೇಳಿದೀರಿ.”

ಟೈಲರು ಹಾಸಿಗೆ ಸುತ್ತಿಕೊಟ್ಟ. ಸೆಲೂನಿನವನು ಪೆಟ್ಟಿಗೆಯನ್ನು ಮೆಟ್ಟಿಲವರೆಗೆ ಹೊತ್ತ. ಮೇಣದ ಡಬ್ಬಿಯನ್ನು ಅಕ್ಕ ಕೊಡಲಿಲ್ಲ. ಇನ್ನೊಂದು ಹಿಮ್ಮಡಿ ಬಾಕಿ ಇತ್ತು.

ತಿದ್ದಪ್ಪ ಮೆಟ್ಟಿಲಿಳಿಯುತ್ತಿದ್ದಾಗ ಮೇಲಿನ ಕೋಣೆಯಿಂದ ಯಜಮಾನಿಯ ಧ್ವನಿ ಕೇಳಿಸಿತು.

“ಈ ತುಟಿ ಎಡಗಡೆ ಸ್ವಲ್ಪ ಇಳಿದ ಹಾಗಿಲ್ವಾ?”

“ಆಗ್ಲೇ ನೋಡಿದೆ,” ಅಂದಳು ಅಕ್ಕ. “ಇರಿ, ಚಮಚ ತರ್ತೀನಿ.”