ಮಾವನ ಕಾರೂ ಅಳಿಯನ ಗುಣವೂ

ಮೇಷ್ಟ್ರ ಮನೆಯಲ್ಲಿ ಮೇಷ್ಟ್ರ ಮಾತು ನಡೆಯುತ್ತಿದ್ದದ್ದು ಅಷ್ಟಕ್ಕಷ್ಟೇ. ಶಾಲೆಯಲ್ಲಿ ಅವರು ಗಂಟಲು ಸರಿಮಾಡಿಕೊಂಡರೆ ಸಾಕು, ಇಡೀ ತರಗತಿ ಲೆಕ್ಕದ ಪುಸ್ತಕ ತೆಗೆಯುತ್ತಿತ್ತು. ಮನೆಯಲ್ಲಿ ಗಂಟಲು ಸರಿಮಾಡಿಕೊಂಡರೆ ಹೆಂಡತಿ, "ಬಿಸಿನೀರು ಫ್ಲಾಸ್ಕಲ್ಲಿದೆ" ಅನ್ನುತ್ತಿದ್ದಳು. ಕಿಟಕಿ ಪರದೆಯ ಬಣ್ಣದಿಂದ ಹಿಡಿದು ತಮ್ಮ ಸ್ವಂತ ಅಂಗಿಯ ಬಣ್ಣದವರೆಗೆ ಎಲ್ಲದರಲ್ಲೂ ಸೋತು ಸುಣ್ಣವಾಗಿದ್ದ ಈ ಮಹಾನುಭಾವರ ಬತ್ತಳಿಕೆಯಲ್ಲಿ ಉಳಿದದ್ದು ಒಂದೇ ಒಂದು ಬ್ರಹ್ಮಾಸ್ತ್ರ. ವಾದ ಕೈಮೀರಿತು ಅನ್ನಿಸಿದಾಗ ಕನ್ನಡಕ ಮೇಲೇರಿಸಿ ಅದನ್ನು ಬಿಡುತ್ತಿದ್ದರು.

"ನೋಡು, ನಿನಗೆ ಡಾಕ್ಟರ್ ಸಂಬಂಧ ಬಂದಿತ್ತು. ಕಂಟ್ರಾಕ್ಟರ್ ಮಗನ ಸಂಬಂಧ ಬಂದಿತ್ತು. ಅವರನ್ನೆಲ್ಲ ಬಿಟ್ಟು ನಿಮ್ಮಪ್ಪ ನನ್ನನ್ನೇ ಯಾಕೆ ಆರಿಸಿದ್ರು? ಗುಣ ನೋಡಿ."

ಹೆಂಡತಿ ಆಗ ಏನೋ ಹೇಳಲು ಬಾಯಿ ತೆರೆದು, ಹಾಗೇ ಮುಚ್ಚಿ, ನಸುನಕ್ಕು ಒಳಗೆ ಹೋಗುತ್ತಿದ್ದಳು. (ಸೋಲು ಒಪ್ಪಿಕೊಳ್ಳುವುದಕ್ಕೂ ದೊಡ್ಡ ಮನಸ್ಸು ಬೇಕು ಎಂದು ಮೇಷ್ಟ್ರು ಒಳಗೊಳಗೇ ಅವಳನ್ನು ಮೆಚ್ಚಿಕೊಳ್ಳುತ್ತಿದ್ದರು.)

ಇಂಥ ಮೇಷ್ಟ್ರಿಗೆ ಒಂದು ಅಮೋಘವಾದ ಐಡಿಯಾ ಹೊಳೆಯಿತು. ಆ ಭಾನುವಾರ ಮಾವನವರ ಹುಟ್ಟುಹಬ್ಬ. ಮಾವ, ಭಾವಮೈದ ಇಬ್ಬರೂ ಮನೆಗೆ ಬರುವವರಿದ್ದರು. ಈ ಭಾವಮೈದನಿಗೆ ಅಕ್ಕನ ಗಂಡನೆಂದರೆ ಮೊದಲಿನಿಂದಲೂ ಸಸಾರ. ಅವನ ಎದುರಿಗೇ, ಹೆಂಡತಿಯ ಎದುರಿಗೇ, ಸಾಕ್ಷಾತ್ ಮಾವನ ಬಾಯಿಂದಲೇ "ಗುಣ ನೋಡಿ" ಎಂಬ ಮಾತು ಹೊರಟುಬಿಟ್ಟರೆ? ಜೀವಮಾನಕ್ಕೆ ಅಷ್ಟು ಸಾಕು. ಆದರೆ ಮಾವನವರು ಮಿತಭಾಷಿ. ಗಡಿಯಾರ ರಿಪೇರಿ ಮಾಡಿ ಮಾಡಿ, ಎಲ್ಲಿ ಉಸಿರು ಬಿಟ್ಟರೆ ಸ್ಕ್ರೂ ಹಾರಿಹೋಗುತ್ತದೋ ಎಂದು ಬಾಯಿ ಮುಚ್ಚಿಕೊಂಡೇ ಅಭ್ಯಾಸವಾದವರು. ಅವರ ಬಾಯಿ ಬಿಡಿಸುವ ವಿಷಯ ಪ್ರಪಂಚದಲ್ಲಿ ಒಂದೇ: ಒಂದಾದ ಮೇಲೊಂದು ಸಾಕಿ ಸಲಹಿದ ಅವರ ಹಳೇ ಕಾರುಗಳು. ಅವುಗಳಲ್ಲಿ ಕೊನೆಯದಾದ 'ರಾಣಿ' ಎಂಬ ನೀಲಿ ಕಾರಿನಂಥದ್ದೇ ಒಂದು ಶಾಲೆಯ ಡ್ರಾಯಿಂಗ್ ಮೇಷ್ಟ್ರ ಶೆಡ್ಡಿನಲ್ಲಿತ್ತು. ಕಾಡಿ ಬೇಡಿ, ಒಂದು ದಿನದ ಮಟ್ಟಿಗೆ ಅದನ್ನು ತಂದು ಮನೆ ಮುಂದೆ ನಿಲ್ಲಿಸಿದರು.

"ಮಾವನ್ನ ಒಂದು ರೌಂಡ್ ಕರ್ಕೊಂಡು ಹೋಗೋಣ," ಎಂದು ಹೆಂಡತಿಗೆ ಗುಟ್ಟು ಹೇಳಿದರು. "ಖುಷಿಯಲ್ಲಿರ್ತಾರಲ್ಲ, ಆಗ ನನ್ನನ್ನ ಯಾಕೆ ಆರಿಸಿದ್ರಿ ಅಂತ ಕೇಳ್ತೀನಿ. ಅವರ ಬಾಯಲ್ಲೇ ಕೇಳಿಸ್ಕೋ."

ಹೆಂಡತಿಯ ಮುಖ ಚಿಕ್ಕದಾಯಿತು. "ರೀ, ಅದೊಂದು ಬೇಡ. ಕಾರು ಓಡಿಸಿ, ಕೇಕ್ ತಿನ್ನಿಸಿ, ಇನ್ನೇನು ಬೇಕಾದ್ರೂ ಮಾಡಿ. ಅದನ್ನ ಮಾತ್ರ ಕೇಳ್ಬೇಡಿ."

"ಯಾಕೆ, ಹೆದರಿಕೆನಾ?"

"ನನಗೆಂಥ ಹೆದರಿಕೆ? ನಿಮ್ಮ ಒಳ್ಳೇದಕ್ಕೇ ಹೇಳ್ತಿದೀನಿ."

ಮೇಷ್ಟ್ರಿಗೆ ಇನ್ನಷ್ಟು ಹುರುಪು ಬಂತು.

ಆಟೋದಿಂದ ಇಳಿದ ಮಾವ ಕಾರು ಕಂಡು ಗೇಟಿನ ಹತ್ತಿರವೇ ನಿಂತುಬಿಟ್ಟರು. ಮೆಲ್ಲಗೆ ಬಂದು, ಜ್ವರ ನೋಡುವವರ ಹಾಗೆ ಬಾನೆಟ್ ಮೇಲೆ ಕೈಯಿಟ್ಟು, "ನಮ್ಮ ರಾಣಿ ಥರಾನೇ ಇದೆ," ಎಂದರು. ಕಣ್ಣು ತುಂಬಿತ್ತು. ಮರುಕ್ಷಣ, ಅಳಿಯ ಬಾಗಿಲು ತೆಗೆಯುವ ಮೊದಲೇ ಡ್ರೈವರ್ ಸೀಟಿನಲ್ಲಿ ಕೂತಿದ್ದರು. ಬ್ಯಾಂಕಿನಲ್ಲಿ ಹೆಡ್ ಕ್ಯಾಷಿಯರಾಗಿ ಗಂಭೀರತೆಯೇ ಮೈವೆತ್ತಂತಿದ್ದ ಹೆಂಡತಿ ಒಂದೇ ನೆಗೆತಕ್ಕೆ ಹಿಂದಿನ ಸೀಟಿಗೆ ಹಾರಿ, "ಕಿಟಕಿ ನಂದು," ಎಂದಳು.

"ಹೋಗೇ ಅಕ್ಕ, ಆ ಕಡೆ ಯಾವಾಗ್ಲೂ ನಂದೇ," ಎಂದು ತಲೆ ನರೆತ ತಮ್ಮ ಅವಳನ್ನು ತಳ್ಳಿದ. ಮೇಷ್ಟ್ರು ಮುಂದೆ ಕೂತರು. ಕಾರು ಹೊರಟಿತು.

ಹೊರಟದ್ದು ಕಾರೊಂದೇ ಅಲ್ಲ, ಅಕ್ಕ ತಮ್ಮನ ಬಾಯಿಗೂ ಬ್ರೇಕ್ ಇಲ್ಲದಾಯಿತು.

"ಮೊದಲನೇದು ನೆನಪಿದೆಯೇನೇ? ಆನೆ. ಕಪ್ಪಗಿತ್ತು."

"ಮರೀತೀನಾ? ಕಾಲಿನ ಹತ್ರ ತೂತಿತ್ತಲ್ಲ, ರಸ್ತೆ ಓಡೋದು ಕಾಣ್ತಿತ್ತು. ನಿನ್ನ ಚಪ್ಪಲಿ ಅದರಲ್ಲೇ ಬಿದ್ದುಹೋಗಿದ್ದು."

"ಒಂದೇ ಬಿದ್ದಿದ್ದು. ಒಂದಿಟ್ಕೊಂಡು ಏನ್ ಮಾಡ್ತೀಯ ಅಂತ ಇನ್ನೊಂದನ್ನ ನೀನೇ ಹಾಕ್ದೆ."

"ಆಮೇಲೆ ಕೆಂಪಿ. ಎಡಕ್ಕೆ ತಿರುಗಿದ್ರೆ ಮಾತ್ರ ಹಾರ್ನ್ ಹೊಡ್ಕೊಳ್ತಿತ್ತು. ಬಲಕ್ಕೆ ತಿರುಗೋವಾಗ ನಾವಿಬ್ರೂ ಕಿಟಕಿಯಿಂದ ತಲೆ ಹಾಕಿ ಪೋಂ ಪೋಂ ಅಂತ ಕೂಗ್ಬೇಕಿತ್ತು." ಅವಳ ದನಿ ಇದ್ದಕ್ಕಿದ್ದಂತೆ ಮೆತ್ತಗಾಯಿತು. "ರಾಣಿಯಲ್ಲಿ ಹಿಂದಿನ ಗಾಜಿನ ಹತ್ರ ಹಲಗೆ ಇತ್ತಲ್ಲ, ನಾನು ಅಲ್ಲೇ ಮಲಗ್ತಿದ್ದೆ. ಬೀದಿ ದೀಪ ಒಂದೊಂದೇ ಮುಖದ ಮೇಲೆ ಹಾದುಹೋಗ್ತಿತ್ತು. ಅಷ್ಟು ಸುಖವಾದ ಹಾಸಿಗೆ ನನಗೆ ಮತ್ತೆ ಸಿಗಲೇ ಇಲ್ಲ." (ಮೇಷ್ಟ್ರು ಹೋದ ವರ್ಷವಷ್ಟೇ ಹೊಸ ಮಂಚ ಮಾಡಿಸಿದ್ದರು.)

ಇದೇ ಸಮಯವೆಂದು ಮೇಷ್ಟ್ರು, "ಮಾವ, ನಮ್ಮ ಮದುವೆ ಸಮಯದಲ್ಲಿ..." ಎಂದು ಶುರುಮಾಡಿದರು. ಅಷ್ಟರಲ್ಲಿ ಕಾರು ಎರಡು ಸಲ ಬಿಕ್ಕಿ, ಮಾರ್ಕೆಟ್ ರಸ್ತೆಯ ನಟ್ಟನಡುವೆ ನಿಂತಿತು. ಹಿಂದೆ ಬಸ್ಸು, ಮುಂದೆ ತರಕಾರಿ ಗಾಡಿ. ಮೇಷ್ಟ್ರಿಗೆ ಮೈಯೆಲ್ಲ ಬೆವರು. ಪಕ್ಕದಲ್ಲಿ ನೋಡಿದರೆ ಮಾವನ ಮುಖದಲ್ಲಿ ಎಂಥ ಕಳೆ!

"ಇಳೀರಿ," ಎಂದರು ಮಾವ.

ಸೈನ್ಯಕ್ಕೆ ಅಪ್ಪಣೆಯಾಯಿತು. ಅಕ್ಕ ಬಲಗಡೆ, ತಮ್ಮ ಎಡಗಡೆ. ಯಾರೂ ಯಾರನ್ನೂ ಕೇಳಲಿಲ್ಲ. ನಡುವೆ, ಹೊಗೆ ಬರುವ ಕಡೆ, ಖಾಲಿಯಿದ್ದ ಜಾಗ ಮೇಷ್ಟ್ರಿಗೆ ಸಿಕ್ಕಿತು. "ಇನ್ನೂ ಜೋರಾಗಿ... ಈಗ," ಎಂದು ಮಾವ ಕ್ಲಚ್ ಬಿಟ್ಟರು. ಕಾರು ಒಮ್ಮೆ ಗುಟುರು ಹಾಕಿ, ಮೇಷ್ಟ್ರ ಬಿಳಿ ಅಂಗಿಗೆ ಕಪ್ಪು ಮಂಗಳಾರತಿ ಎತ್ತಿ, ಓಡತೊಡಗಿತು. ನಿಲ್ಲಲಿಲ್ಲ. ನಿಂತರೆ ಮತ್ತೆ ಆರಿಹೋಗುತ್ತದಲ್ಲ! ಅಕ್ಕ ತಮ್ಮ ಓಡುತ್ತಲೇ ಬಾಗಿಲು ತೆಗೆದು ಒಳಗೆ ಹಾರಿದರು. ಮೇಷ್ಟ್ರು ಏದುಸಿರು ಬಿಡುತ್ತ ಬೆನ್ನಟ್ಟಿದರು.

"ಬನ್ರೀ, ಬನ್ರೀ," ಎಂದು ಹೆಂಡತಿ ಕೈ ಚಾಚಿ, ಸಿಕ್ಕಿದ ಕಾಲರ್ ಹಿಡಿದು ಅವರನ್ನು ಒಳಗೆಳೆದುಕೊಂಡಳು. ಮೇಷ್ಟ್ರ ಅರ್ಧ ಭಾಗ ಭಾವಮೈದನ ತೊಡೆಯ ಮೇಲೆ ಬಿತ್ತು. ಇಷ್ಟು ವರ್ಷದ ಸಂಸಾರದಲ್ಲಿ ಅವಳು ಹೀಗೆ ಹೊಟ್ಟೆ ಹಿಡಿದುಕೊಂಡು ನಕ್ಕದ್ದನ್ನು ಅವರು ನೋಡಿರಲಿಲ್ಲ. ನಿಜ ಹೇಳಬೇಕೆಂದರೆ ಅವರಿಗೂ ಖುಷಿಯೋ ಖುಷಿ.

"ಮೂರಕ್ಕೂ ಇದೇ ರೋಗ ಭಾವ," ಎಂದ ಭಾವಮೈದ. "ಸೆಲ್ಫ್ ಹೊಡೆದ್ರೆ ಒಂದೂ ಸ್ಟಾರ್ಟ್ ಆಗ್ತಿರ್ಲಿಲ್ಲ. ತಳ್ಳಬೇಕು, ಇಲ್ಲಾಂದ್ರೆ ಇಳಿಜಾರಲ್ಲಿ ನಿಲ್ಲಿಸಿರಬೇಕು. ನಮಗೆ ಜ್ವರ ಬಂದ್ರೂ ಹಲ್ಲಿನ ಡಾಕ್ಟರ ಹತ್ರಾನೇ ಹೋಗ್ತಿದ್ದಿದ್ದು. ಅವರ ಶಾಪ್ ದಿಬ್ಬದ ಮೇಲಿತ್ತು."

"ಚಿಕ್ಕಪ್ಪನ ಮನೆಗೆ ಹೋಗ್ತಾನೇ ಇರ್ಲಿಲ್ಲ," ಎಂದಳು ಹೆಂಡತಿ. "ಅಣ್ಣತಮ್ಮಂದಿರಿಗೆ ಮನಸ್ತಾಪ ಅಂತ ಊರೆಲ್ಲ ಅಂದ್ಕೊಂಡಿತ್ತು. ಮನಸ್ತಾಪ ಎಲ್ಲಿಂದ ಬರ್ಬೇಕು, ಅವರ ಬೀದಿ ಮಟ್ಟವಾಗಿತ್ತು ಅಷ್ಟೇ."

ಮನೆ ಬಂತು. ಮಾವ ಕಾರನ್ನು ತಿರುಗಿಸಿ, ಅದರ ಮೂತಿ ಬೀದಿಯ ಇಳಿಜಾರಿನ ಕಡೆಗಿರುವಂತೆ ಚೊಕ್ಕಟವಾಗಿ ನಿಲ್ಲಿಸಿದರು. ಎಲ್ಲರೂ ಇಳಿದರು. ಮಾವನ ಮುಖ ಹುಣ್ಣಿಮೆಯಾಗಿತ್ತು. ಮೇಷ್ಟ್ರು ಮಸಿ ಮೆತ್ತಿದ ಕನ್ನಡಕ ಮೇಲೇರಿಸಿದರು. ಹೆಂಡತಿ ಹಿಂದಿನಿಂದ ಅವರ ಅಂಗಿ ಜಗ್ಗಿದಳು. ಅವರು ಲೆಕ್ಕಿಸಲಿಲ್ಲ.

"ಮಾವ, ಒಂದು ವಿಷಯ ಇವತ್ತು ಎಲ್ಲರ ಮುಂದೆ ಹೇಳಿಬಿಡಿ. ಡಾಕ್ಟರು, ಕಂಟ್ರಾಕ್ಟರ ಮಗ, ಅಂಥೋರನ್ನೆಲ್ಲ ಬಿಟ್ಟು ನನಗೇ ಯಾಕೆ ಹೆಣ್ಣು ಕೊಟ್ರಿ? ಗುಣ ನೋಡಿ ತಾನೆ?"

"ಗುಣಾನಾ?" ಮಾವ ಪ್ರಾಮಾಣಿಕವಾಗಿ ಯೋಚಿಸಿದರು. "ಡಾಕ್ಟರ್ ಹುಡುಗ ಬಂಗಾರದಂಥೋನು ಅಳಿಯಂದ್ರೆ. ಆದ್ರೆ ಬೀದಿ ಮಟ್ಟ. ಹೊರಡೋವಾಗ ಪಾಪ ಅವನೇ ಬಂದು ತಳ್ಳಿದ. ಪ್ರತಿ ಸಲ ಬೀಗರ ಕೈಲಿ ತಳ್ಳಿಸೋಕಾಗುತ್ತಾ? ಕಂಟ್ರಾಕ್ಟರ್ ಮನೆ ಹಳ್ಳದಲ್ಲಿ, ಇಳಿದ್ರೆ ಹತ್ತೋ ಮಾತೇ ಇಲ್ಲ. ಆಮೇಲೆ ಇಲ್ಲಿಗೆ ಬಂದೆ. ನೋಡಿ, ನಿಮ್ಮ ಗೇಟಿಂದ ಆ ಮೂಲೆವರೆಗೂ ಎಂಥ ಇಳಿಜಾರು. ಬ್ರೇಕ್ ಬಿಟ್ಟೆ, ರಾಣಿ ಹಾಡ್ಕೊಂಡು ಹೊರಟ್ಲು. ಮಗಳನ್ನ ಇಲ್ಲಿ ಕೊಟ್ರೆ ಬೇಕಾದಾಗೆಲ್ಲ ಬಂದು ನೋಡ್ಕೊಂಡು ಹೋಗ್ಬಹುದು ಅನ್ನಿಸ್ತು. ಅವತ್ತೇ ನಿಮ್ಮ ತಂದೆಗೆ ಮಾತು ಕೊಟ್ಟೆ."

"ಮತ್ತೆ ನನ್ನನ್ನ ನೋಡಿ...?"

"ನಿಮ್ಮನ್ನ ಎಲ್ಲಿ ನೋಡಿದೆ? ಅವತ್ತು ನೀವು ಮನೇಲೇ ಇರ್ಲಿಲ್ಲವಲ್ಲ."

ಭಾವಮೈದ ಗೇಟು ಹಿಡಿದುಕೊಂಡು ಕುಸಿದು ಕೂತ. ಮೇಷ್ಟ್ರು ನಿಧಾನವಾಗಿ ಹೆಂಡತಿಯ ಕಡೆ ತಿರುಗಿದರು.

"ನಿನಗೆ ಗೊತ್ತಿತ್ತಾ?"

"ಮದುವೆಗೆ ಮುಂಚೇನೇ ಗೊತ್ತಿತ್ತು."

"ಹೇಳ್ಬಾರ್ದಿತ್ತಾ?"

ಹೆಂಡತಿ ಅವರ ಕೆನ್ನೆಯ ಮಸಿ ಒರೆಸಿದಳು. "ನಿಮ್ಮ ಹತ್ರ ಇದ್ದಿದ್ದೇ ಅದೊಂದು. ಅದನ್ನೂ ಯಾಕೆ ಕಿತ್ಕೊಳ್ಳೋದು ಅಂತ ಸುಮ್ನಿದ್ದೆ ಕಣ್ರೀ."

ಇನ್ನೊಂದು ರೌಂಡಿಗೆಂದು ಮಾವ ಆಗಲೇ ಒಳಗೆ ಕೂತಿದ್ದರು. ಕಿಟಕಿಯಿಂದ ತಲೆ ಹೊರಗೆ ಹಾಕಿ, ಬಹಳ ಮರ್ಯಾದೆಯಿಂದ ಕೂಗಿದರು:

"ಅಳಿಯಂದ್ರೆ, ಒಂಚೂರು ಪಕ್ಕಕ್ಕೆ ಬನ್ನಿ. ಇಳಿಜಾರಿಗೆ ಅಡ್ಡ ನಿಂತಿದೀರಿ."

ಮೇಷ್ಟ್ರು ಸರಿದು ದಾರಿ ಬಿಟ್ಟರು.