ವಾಪಸು ಬಂದ ಮಾಲು

ಒಂದೇ ಒಂದು ಮಾತಿಗೆ ನನಗೆ ಬಿದ್ದ ಖರ್ಚು ಇಷ್ಟು: ಮನೆಯಲ್ಲಿ ನನ್ನೊಡನೆ ವಾದಕ್ಕೆ ನಿಲ್ಲುತ್ತಿದ್ದ ಒಬ್ಬಳೇ ಒಬ್ಬಳು. ಕಾರಣ ದೊಡ್ಡದೇನಲ್ಲ. ‘ಥಿಯರಿ’ ಎಂಬ ಶಬ್ದವನ್ನು ನಾನು ಬೈಗುಳವೆಂದು ತಿಳಿದಿದ್ದೆ.

ಕಟಪಾಡಿಯಲ್ಲಿ ಪಂಪ್‌ಸೆಟ್ಟಿನ ಅಂಗಡಿ ಇಟ್ಟವನು ಹಾಗೆ ತಿಳಿದರೆ ತಪ್ಪೂ ಅಲ್ಲ. ಬಜಗೋಳಿಯ ಗದ್ದೆಗಳಿಗೆ ಪಂಪು ಹೊತ್ತು ನಡೆದು ಮೇಲೆ ಬಂದವನು ನಾನು. ಬಿಚ್ಚಿದ ಮೋಟಾರಿನ ಮುಂದೆ ಕೂತು ಮೆಕ್ಯಾನಿಕ್ ವಿವರಣೆ ಶುರು ಮಾಡಿದರೆ, ಥಿಯರಿ ಬಿಡಬೇಡ, ಮೊದಲು ನೀರು ಬರಲಿ ಅನ್ನುತ್ತೇನೆ. ಮಳೆಯ ಮುನ್ಸೂಚನೆ ತಪ್ಪಿದರೆ ಥಿಯರಿ, ಡಾಕ್ಟರು ಮಾತ್ರೆ ಬದಲಿಸಿದರೆ ಥಿಯರಿ. ನಿನ್ನೆ ಒಂದು, ಇಂದು ಒಂದು ಹೇಳುವವರನ್ನು ನಂಬುವುದು ಹೇಗೆ? ನಾನಂತೂ ಒಮ್ಮೆ ಹೇಳಿದ ರೇಟಿನಿಂದ ಕದಲಿದವನಲ್ಲ. ಕದಲಿದರೂ ಕದಲಿದಂತೆ ಕಾಣಿಸಿಕೊಂಡವನಲ್ಲ.

ತಂಗಿಯ ಮಗಳು ಅಶ್ವಿತಾ ಮಣಿಪಾಲದಲ್ಲಿ ಭೌತಶಾಸ್ತ್ರದ ಸಂಶೋಧನೆ ಮಾಡುತ್ತಿದ್ದಳು. ಅದೂ ಪ್ರಯೋಗಶಾಲೆಯಲ್ಲಲ್ಲ, ಬರೀ ಕಾಗದದ ಮೇಲೆ. ಒಂದು ಶನಿವಾರ ಅಂಗಡಿಗೆ ಓಡಿಬಂದು, ತಾನು ಎರಡು ವರ್ಷ ಮಾಡಿದ ಲೆಕ್ಕ ತಪ್ಪೆಂದು ದೂರದ ಊರಿನ ಯಾರೋ ತೋರಿಸಿದ್ದಾರೆ ಎಂದಳು. ಮುಖದಲ್ಲಿ ಮಾತ್ರ ರ‍್ಯಾಂಕು ಬಂದವಳ ಕಳೆ.

ಪಂಪು ನೋಡಲು ಬಂದಿದ್ದ ಪಡುಬಿದ್ರಿಯ ಬೋಟಿನ ಸದಾನಂದಣ್ಣ ನಕ್ಕರು. ತಾನೂ ಕಣ್ಣಿಗೆ ಕಾಣದ ಮೀನಿನ ಲೆಕ್ಕ ಹಾಕುವವನೇ, ಆದರೆ ಬಲೆ ಬೀಸುತ್ತೇನಲ್ಲ ಎಂದರು.

“ನಾವೂ ಬೀಸುದೇ, ಸದಾನಂದಣ್ಣ. ಬಲೆ ಖಾಲಿ ಬಂದ್ರೆ ಅಲ್ಲಿ ಮೀನಿಲ್ಲ ಅಂತ ಗೊತ್ತಾಗ್ತದೆ. ಮುಂದಿನವ ಬೇರೆ ಕಡೆ ಹೋಗ್ತಾನೆ,” ಎಂದಳು ಅಶ್ವಿತಾ.

“ಖಾಲಿ ಬಲೆಯನ್ನು ಯಾರಿಗೆ ಮಾರ್ತಿ ಮಾರಾಯ್ತಿ?” ಎಂದೆ. ಸದಾನಂದಣ್ಣ ಮೇಜು ತಟ್ಟಿ ನಕ್ಕರು. ನನಗೆ ಹುಮ್ಮಸ್ಸು ಬಂತು. “ನಿನ್ನ ಮಾಲು ವಾಪಸು ಬಂದದ್ದು. ಅದನ್ನು ಊರಿಗೆಲ್ಲ ಹೇಳಿಕೊಂಡು ಬರ್ಲಿಕ್ಕೆ ಉಂಟಾ?”

ಅವಳು ಮೂಲೆಯಲ್ಲಿದ್ದ ಸುಟ್ಟ ಪಂಪನ್ನು ತೋರಿಸಿದಳು. ಅದರ ಕುತ್ತಿಗೆಗೆ ನಾನೇ ಕಟ್ಟಿದ ಚೀಟಿ ಇತ್ತು. ಗ್ಯಾರಂಟಿಯಲ್ಲಿ ವಾಪಸು ಬಂದ ಪ್ರತಿಯೊಂದಕ್ಕೂ, ಎಲ್ಲಿ ಕೆಟ್ಟಿತು, ಯಾಕೆ ಕೆಟ್ಟಿತು ಎಂದು ನನ್ನ ಕೈಯಿಂದಲೇ ಬರೆದು ಕಂಪೆನಿಗೆ ಕಳಿಸುವುದು ನನ್ನ ಪದ್ಧತಿ.

“ಮಾವ, ಈ ಚೀಟಿ ನೋಡಿಯೇ ಅಲ್ವಾ ಅವರು ಮುಂದಿನ ಮಾಡೆಲ್ ಸರಿ ಮಾಡುದು? ನನಗೂ ಇಂಥದ್ದೇ ಒಂದು ಚೀಟಿ ಬಂದದ್ದು.”

ಇಲ್ಲಿ ನಿಮ್ಮ ಹತ್ತಿರ ಒಂದು ಗುಟ್ಟು ಹೇಳಬೇಕು. ನನಗೆ ಅರ್ಥವಾಯಿತು. ಆ ಕ್ಷಣದಲ್ಲೇ, ಪೂರ್ತಿ. ಆದರೆ ಗಿರಾಕಿಯ ಎದುರು ಸೋತು ನನಗೆ ಅಭ್ಯಾಸವಿಲ್ಲ. “ಪಂಪಿನಿಂದ ನೀರು ಬರ್ತದೆ. ನಿನ್ನ ಥಿಯರಿಯಿಂದ ಎಂತ ಬರ್ತದೆ?” ಎಂದುಬಿಟ್ಟೆ. ಅವಳು ಪಂಪಿನ ಚೀಟಿಯನ್ನು ನೆಟ್ಟಗೆ ಮಾಡಿಟ್ಟು ಹೊರಟುಹೋದಳು. ಸದಾನಂದಣ್ಣ ಪಂಪನ್ನೂ ಕೊಳ್ಳಲಿಲ್ಲ.

ಸೋಮವಾರ ತಂಗಿ ಕೇಳಿದಳು: ಹುಡುಗಿ ಇನ್ನೆರಡು ವರ್ಷ ಅದನ್ನೇ ಮುಂದುವರಿಸುತ್ತೇನೆ ಅನ್ನುತ್ತಾಳೆ, ಅಣ್ಣ ಎಂತ ಹೇಳ್ತಿ? ನಮ್ಮಲ್ಲಿ ಸೋದರಮಾವನ ಮಾತಿಗೆ ಈಗಲೂ ತೂಕ ಉಂಟು. ಮದುವೆ, ಮನೆ, ಜಾಗ ಎಲ್ಲದರಲ್ಲೂ ಮಾವ ಹೂಂ ಅನ್ನಬೇಕು. ನಾನು ಹೂಂ ಅನ್ನಲಿಲ್ಲ. ಶನಿವಾರ ಆಡಿದ ಮಾತಿನಿಂದ ಸೋಮವಾರ ಹಿಂದೆ ಸರಿಯುವುದು ಹೇಗೆ? ಒಮ್ಮೆ ವಾಪಸು ಬಂದ ಮೇಲೆ ಅಂಗಡಿ ಮುಚ್ಚುವುದೇ ಲೇಸು ಎಂದೆ. ಅಶ್ವಿತಾ ಮುಚ್ಚಿದಳು.

ಈಗ ಉಡುಪಿಯ ಒಂದು ಕೋಚಿಂಗಿನಲ್ಲಿ, ನಾಲ್ಕು ಉತ್ತರಗಳಲ್ಲಿ ಒಂದಕ್ಕೆ ಗುರುತು ಹಾಕುವುದನ್ನು ಮಕ್ಕಳಿಗೆ ಕಲಿಸುತ್ತಾಳೆ. ಅಲ್ಲಿ ಉತ್ತರ ಮೊದಲೇ ಗೊತ್ತಿರುತ್ತದೆ, ಏನೂ ವಾಪಸು ಬರುವುದಿಲ್ಲ. ಎಲ್ಲರೂ ನನ್ನ ಪ್ರಾಕ್ಟಿಕಲ್ ಬುದ್ಧಿಯನ್ನು ಹೊಗಳಿದರು.

ಮೊನ್ನೆ ಊಟಕ್ಕೆ ಕೂತಾಗ ಬೇಕೆಂದೇ ಕೆಣಕಿದೆ. ಈ ವಿಜ್ಞಾನಿಗಳು ದಿನಕ್ಕೊಂದು ಹೇಳ್ತಾರೆ, ಒಂದನ್ನೂ ನಂಬ್ಲಿಕ್ಕಿಲ್ಲ ಅಲ್ವಾ ಎಂದೆ. ಮೊದಲಾಗಿದ್ದರೆ ಅವಳ ತುತ್ತು ಬಾಯಿಗೆ ಹೋಗದೆ ಗಾಳಿಯಲ್ಲೇ ನಿಲ್ಲುತ್ತಿತ್ತು, ನನ್ನ ಬೆವರಿಳಿಯುತ್ತಿತ್ತು.

“ಹೌದು ಮಾವ,” ಎಂದಳು. “ಸಾರು ಹಾಕಲಾ?”

ಆದ್ದರಿಂದ, ಕೇಳದಿದ್ದರೂ ಹೇಳುತ್ತೇನೆ. ನಿಮ್ಮ ಮನೆಯಲ್ಲಿ ಯಾರಾದರೂ ಪ್ರಯೋಜನ ಕಾಣದ್ದನ್ನು ಓದುತ್ತಿದ್ದು, ತನ್ನದು ತಪ್ಪಾಯಿತೆಂದು ಖುಷಿಯಿಂದ ಓಡಿಬಂದರೆ, ಎಲ್ಲಿ ತಪ್ಪಾಯಿತು ಎಂದು ಕೇಳಿ. ಕುರ್ಚಿ ಕೊಟ್ಟು ಕೇಳಿ. ಅರ್ಥವಾಗದಿದ್ದರೆ ಚಿಂತೆಯಿಲ್ಲ. ಅರ್ಥವಾಗಿಬಿಟ್ಟರೆ ಮಾತ್ರ, ಎದುರಿಗೆ ಎಂಥ ಗಿರಾಕಿ ಕೂತಿದ್ದರೂ ಸರಿ, ಅಲ್ಲೇ ಹೇಳಿಬಿಡಿ. ನನ್ನ ಹಾಗೆ ಮನೆಗೆ ಹೋಗಿ ಹೇಳೋಣ ಎಂದು ಇಟ್ಟುಕೊಳ್ಳಬೇಡಿ.